ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾಗಿಯ ಚಳಿಯಲ್ಲಿ ಹಿತ್ತಲ ಕೋಳಿ

ಚಳಿ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹಿತ್ತಲಲ್ಲಿ ಹತ್ತರಿಂದ ಐವತ್ತು ಕೋಳಿ ಇಟ್ಟುಕೊಂಡವರ ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ದೊಡ್ಡ ಫಾರಂಗಳ ಲೆಕ್ಕಾಚಾರ ಬೇರೆ, ಅದನ್ನು ಇಲ್ಲಿ ಬೆರೆಸಿಲ್ಲ.

ಪ್ರಶ್ನೆ: ನಮ್ಮಲ್ಲಿ ಹದಿನೈದು ಕೋಳಿಗಳಿವೆ. ರಾತ್ರಿ ಚಳಿ ಜೋರಾದ ಮೇಲೆ ಗೂಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ತಾಡಪಾಲು ಬಿಗಿದು ಬೆಚ್ಚಗೆ ಮಾಡಿದ್ದೇವೆ. ಆದರೂ ಬೆಳಿಗ್ಗೆ ಕೆಲವು ಕೋಳಿಗಳ ಕಣ್ಣಲ್ಲಿ ನೊರೆ, ಉಸಿರಾಟದಲ್ಲಿ ಗೊರಗೊರ ಸದ್ದು. ಇನ್ನೂ ದಪ್ಪ ಹೊದಿಕೆ ಹಾಕಬೇಕೇ? (ಬೀದರ್ ಜಿಲ್ಲೆಯಿಂದ)

ಬೇಡ. ಇವತ್ತೇ ತಾಡಪಾಲನ್ನು ಮೇಲಿನಿಂದ ಒಂದು ಅಡಿ ಇಳಿಸಿ. ನಿಮ್ಮ ಕೋಳಿಗಳಿಗೆ ತೊಂದರೆ ಕೊಡುತ್ತಿರುವುದು ಚಳಿಗಿಂತ ಹೆಚ್ಚಾಗಿ ಗೂಡಿನೊಳಗೆ ಕೂಡಿಕೊಂಡ ಗಾಳಿ.

ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 200 ಮಿಲಿ ನೀರು ಕುಡಿಯುತ್ತದೆ. ಹದಿನೈದು ಕೋಳಿಗೆ ಮೂರು ಲೀಟರ್ ಆಯಿತು. ಅದರಲ್ಲಿ ಬಹುಪಾಲು ಹಿಕ್ಕೆ ಮತ್ತು ಉಸಿರಿನ ಮೂಲಕ ಹೊರಗೆ ಬರುತ್ತದೆ. ನಾಲ್ಕೂ ಕಡೆ ಪ್ಲಾಸ್ಟಿಕ್ ಮುಚ್ಚಿದರೆ ರಾತ್ರಿಯ ತೇವಕ್ಕೆ ಹೋಗಲು ದಾರಿಯಿಲ್ಲ, ನೆಲದ ಹೊಟ್ಟಿಗೇ ಇಳಿಯುತ್ತದೆ. ಒದ್ದೆ ಹೊಟ್ಟಿನಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ. ಅದು ಕಣ್ಣನ್ನು ಸುಡುತ್ತದೆ, ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ. ಕೆಟ್ಟ ಜಾಗದಲ್ಲಿ ರೋಗಾಣು ಸುಲಭವಾಗಿ ಕೂರುತ್ತದೆ. ಚಳಿಗಾಲದ ಗೊರಕೆ ರೋಗ ಶುರುವಾಗುವುದು ಬಹಳ ಸಲ ಹೀಗೆಯೇ.

ಪರೀಕ್ಷೆ ಸುಲಭ. ಬೆಳಗಿನ ಜಾವ ಪರದೆ ತೆಗೆಯುವ ಮುಂಚೆ ಒಳಗೆ ಹೋಗಿ, ಕೋಳಿಯ ತಲೆಯ ಮಟ್ಟಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿ. ಮೂಗಿಗೆ ಘಾಟು ಹೊಡೆದರೆ ಗಾಳಿ ಸಾಲದು ಎಂದರ್ಥ. ಕಣ್ಣು ಉರಿದರೆ ಹದ ಮೀರಿದೆ.

ಪರದೆ ಕಟ್ಟುವುದಕ್ಕೂ ಒಂದು ಕ್ರಮವಿದೆ. ಮಳೆಯ ತಾಡಪಾಲಿನ ಹಾಗೆ ಮೇಲಿನಿಂದ ಇಳಿಬಿಡಬಾರದು. ಬುಡದಲ್ಲಿ ಗಟ್ಟಿಯಾಗಿ ಬಿಗಿದು ಮೇಲಕ್ಕೆ ಎಳೆದು ಕಟ್ಟಬೇಕು. ಆಗ ತಣ್ಣನೆಯ ಗಾಳಿ ಕೋಳಿಯ ಮೈಗೆ ನೇರವಾಗಿ ಬಡಿಯುವುದಿಲ್ಲ. ಬಿಸಿಯಾದ ತೇವದ ಗಾಳಿ ಮಾತ್ರ ತಲೆಯ ಮೇಲಿನಿಂದ ಹೊರಗೆ ಹೋಗುತ್ತದೆ. ಎರಡು ಉದ್ದದ ಬದಿಗಳಲ್ಲೂ ಮಾಡಿನ ಕೆಳಗೆ ಒಂದು ಅಡಿ ತೆರೆದಿರಲಿ. ಆ ಸಂದಿಗೆ ಅರ್ಧ ಅಂಗುಲ ಕಣ್ಣಿನ ತಂತಿ ಜಾಲರಿ ಹೊಡೆಯಿರಿ, ಇಲ್ಲದಿದ್ದರೆ ಕಾಡುಬೆಕ್ಕು, ಮುಂಗುಸಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಪ್ಲಾಸ್ಟಿಕ್ಕಿಗಿಂತ ಗೋಣಿತಾಟು ಒಳ್ಳೆಯದು, ಅದು ಗಾಳಿಯ ರಭಸ ತಡೆಯುತ್ತದೆ, ತೇವ ಕಟ್ಟಿಡುವುದಿಲ್ಲ. ನಮ್ಮ ಕಡೆ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣ, ಈಶಾನ್ಯ ದಿಕ್ಕಿನಿಂದ ಬೀಸುವುದರಿಂದ ಆ ಕಡೆಯ ಗೋಣಿಯನ್ನು ಎರಡು ಪದರ ಮಾಡಿ. ಬಿಸಿಲು ಏರಿದ ಕೂಡಲೇ ಎಲ್ಲಾ ಪರದೆ ಇಳಿಸಿ, ಸಂಜೆ ಆರರ ಹೊತ್ತಿಗೆ ಮತ್ತೆ ಎಳೆಯಿರಿ. ಈ ಇಳಿಸಿ ಏರಿಸುವ ಕೆಲಸಕ್ಕೆ ಬೇಸರಪಟ್ಟುಕೊಂಡು ವಾರಗಟ್ಟಲೆ ಮುಚ್ಚಿಟ್ಟ ಗೂಡುಗಳಲ್ಲೇ ಕಾಯಿಲೆ ಹೆಚ್ಚು.

ಈಗಾಗಲೇ ಕಣ್ಣಲ್ಲಿ ನೊರೆ ಬಂದಿರುವ ಕೋಳಿಗಳನ್ನು ಬೇರೆ ಇಡಿ. ಗಾಳಿ ಸರಿಯಾದ ನಾಲ್ಕೈದು ದಿನದಲ್ಲಿ ಇಳಿಯದಿದ್ದರೆ ಪಶುವೈದ್ಯರಿಗೆ ತೋರಿಸಿ. ಔಷಧಿ ಅಂಗಡಿಯಲ್ಲಿ ಕೇಳಿದ ಆ್ಯಂಟಿಬಯೋಟಿಕ್ ಪುಡಿಯನ್ನು ಅಂದಾಜಿನಲ್ಲಿ ನೀರಿಗೆ ಕಲಸಬೇಡಿ. ಚಳಿಯಲ್ಲಿ ಕೋಳಿ ಕಡಿಮೆ ನೀರು ಕುಡಿಯುವುದರಿಂದ ಔಷಧಿಯೂ ಅರೆಬರೆ ಹೊಟ್ಟೆ ಸೇರುತ್ತದೆ.

ಪ್ರಶ್ನೆ: ದೊಡ್ಡ ಕೋಳಿಗಳಿಗೂ ರಾತ್ರಿ ಶಾಖದ ಬಲ್ಬ್ ಹಾಕಬೇಕೇ? (ಚಿಕ್ಕಮಗಳೂರು)

ಗರಿ ತುಂಬಿದ ಆರೋಗ್ಯವಂತ ಕೋಳಿಗೆ ಕರ್ನಾಟಕದ ಯಾವ ಊರಿನಲ್ಲೂ ಶಾಖದ ಬಲ್ಬ್ ಬೇಕಿಲ್ಲ. ಅದರ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಗರಿ ಉಬ್ಬಿಸಿ ಒಳಗೆ ಗಾಳಿಯ ಪದರ ಹಿಡಿದಿಟ್ಟುಕೊಂಡರೆ ಹತ್ತು ಡಿಗ್ರಿಯ ರಾತ್ರಿ ಅದಕ್ಕೆ ಲೆಕ್ಕವೇ ಅಲ್ಲ. ಒದ್ದೆಯಾದ ಗರಿ ಮಾತ್ರ ಉಬ್ಬುವುದಿಲ್ಲ. ಇಬ್ಬನಿಯಲ್ಲಿ ಮರದ ಮೇಲೆ ಮಲಗುವ ಕೋಳಿಗಳನ್ನು ಈ ಎರಡು ತಿಂಗಳಾದರೂ ಸೂರಿನಡಿ ಕೂರುವ ಅಭ್ಯಾಸಕ್ಕೆ ತನ್ನಿ.

ಕೂರುವ ಕೋಲು ಮುಖ್ಯ. ನೆಲದಿಂದ ಒಂದೂವರೆ ಎರಡು ಅಡಿ ಎತ್ತರದಲ್ಲಿ ಎರಡು ಅಂಗುಲ ಅಗಲದ, ಅಂಚು ಕೆತ್ತಿ ನಯ ಮಾಡಿದ ಮರದ ರೀಪು ಇರಲಿ. ಕೋಳಿ ಕೂತಾಗ ಎದೆಯ ಗರಿ ಬೆರಳುಗಳನ್ನು ಪೂರಾ ಮುಚ್ಚಬೇಕು. ಸಣ್ಣ ಬಿದಿರು ಗಳುವಿನಲ್ಲಿ ಬೆರಳು ಹೊರಗೇ ಉಳಿಯುತ್ತದೆ. ಕಬ್ಬಿಣದ ಪೈಪು ಕಾಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಂದು ಕೋಳಿಗೆ 8ರಿಂದ 10 ಅಂಗುಲ ಉದ್ದ ಲೆಕ್ಕ ಹಾಕಿ. ಹೆಚ್ಚು ಜಾಗ ಕೊಟ್ಟರೂ ಚಳಿಗೆ ಅವು ಒಂದಕ್ಕೊಂದು ಒತ್ತಿಕೊಂಡೇ ಕೂರುತ್ತವೆ.

ಬೋಳುಕತ್ತಿನ ಕೋಳಿಗಳನ್ನು ಮಾತ್ರ ಗಮನಿಸಿ. ಅವಕ್ಕೆ ಮೈಮೇಲೂ ಗರಿ ಕಡಿಮೆ, ಸೆಕೆಗೆ ಹೇಳಿಸಿದ ತಳಿ ಅದು. ಅವನ್ನು ಕೋಲಿನ ನಡುವೆ, ಗಾಳಿ ತಾಗದ ಕಡೆ ಕೂರುವಂತೆ ನೋಡಿಕೊಳ್ಳಿ.

ಪ್ರಶ್ನೆ: ಹನ್ನೆರಡು ಸ್ವರ್ಣಧಾರಾ ಹೇಟೆಗಳಿವೆ. ದೀಪಾವಳಿಯವರೆಗೆ ದಿನಕ್ಕೆ ಆರೇಳು ಮೊಟ್ಟೆ ಸಿಗುತ್ತಿತ್ತು, ಈಗ ಎರಡು ಮೂರಕ್ಕೆ ಇಳಿದಿದೆ. ಮೇವು ಅದೇ, ಕಾಯಿಲೆ ಇಲ್ಲ. ಚಳಿಯೇ ಕಾರಣವೇ? (ತುಮಕೂರು)

ಚಳಿಗಿಂತ ಬೆಳಕು ಕಾರಣ. ಕೋಳಿ ಪೂರ್ಣ ಪ್ರಮಾಣದಲ್ಲಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರ್ ಕೊನೆಗೆ ನಿಮ್ಮ ಊರಿನಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತಕ್ಕೆ ಹನ್ನೊಂದೂ ಕಾಲು ಗಂಟೆ, ಹೆಚ್ಚೆಂದರೆ ಹನ್ನೊಂದೂವರೆ. ಬೆಳಕು ಕಣ್ಣು ಮತ್ತು ತಲೆಬುರುಡೆಯ ಮೂಲಕ ಮಿದುಳಿಗೆ ತಲುಪಿ ಮೊಟ್ಟೆಯ ಹಾರ್ಮೋನುಗಳನ್ನು ನಡೆಸುತ್ತದೆ. ಹಗಲು ಕುಗ್ಗಿದರೆ ಅದೂ ಕುಗ್ಗುತ್ತದೆ.

ಮೊದಲು ಒಂದು ಕೋಳಿಯನ್ನು ಹಿಡಿದು ಕತ್ತು, ಬೆನ್ನು, ರೆಕ್ಕೆ ಬಿಡಿಸಿ ನೋಡಿ. ಹಳೆಯ ಗರಿ ಉದುರಿ, ಮುಳ್ಳಿನಂಥ ಹೊಸ ಗರಿಬುಡ ಮೂಡುತ್ತಿದ್ದರೆ ಅದು ಪುಕ್ಕ ಬದಲಿಸುವ ಸಮಯ. ತಲೆ, ಕತ್ತಿನಿಂದ ಶುರುವಾಗಿ ಬಾಲದ ಕಡೆ ಹೋಗುತ್ತದೆ, ಎರಡು ಮೂರು ತಿಂಗಳು ಹಿಡಿಯುತ್ತದೆ. ಆಗ ಮೊಟ್ಟೆ ನಿಲ್ಲುವುದು ಸಹಜ, ಬಲವಂತ ಮಾಡಬೇಡಿ. ಗರಿ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನಿನಿಂದಲೇ ಆಗುವುದು. ಹಾಗಾಗಿ ಈ ಸಮಯದಲ್ಲಿ ಬರೀ ಅಕ್ಕಿ ನುಚ್ಚು, ರಾಗಿ ಹಾಕಿದರೆ ಚೇತರಿಕೆ ಎಳೆದುಕೊಂಡೇ ಹೋಗುತ್ತದೆ.

ಪುಕ್ಕ ಉದುರುತ್ತಿಲ್ಲವಾದರೆ ಬೆಳಕು ಕೊಡಿ. ಹತ್ತಡಿ ಹತ್ತಡಿ ಗೂಡಿಗೆ 9 ವ್ಯಾಟಿನ, ಹಳದಿ ಬೆಳಕಿನ ಒಂದು ಎಲ್‌ಇಡಿ ಬಲ್ಬ್ ಸಾಕು. ಕೋಳಿಯ ತಲೆಯ ಮಟ್ಟದಲ್ಲಿ ದಿನಪತ್ರಿಕೆಯ ಅಕ್ಷರ ಓದಲು ಆದರೆ ಸರಿಯಾದ ಪ್ರಮಾಣ. ಬೆಳಕನ್ನು ಸಂಜೆ ಕೊಡದೆ ಬೆಳಗಿನ ಜಾವಕ್ಕೆ ಕೊಡಿ. ಸಂಜೆಯ ದೀಪ ಫಕ್ಕನೆ ಆರಿದರೆ ನೆಲದಲ್ಲಿದ್ದ ಕೋಳಿಗೆ ಕೋಲು ಕಾಣದೆ ಅಲ್ಲೇ ತಣ್ಣನೆಯ ಮೂಲೆಯಲ್ಲಿ ಗುಂಪು ಕೂರುತ್ತವೆ. ಮೊದಲ ವಾರ ಆರು ಗಂಟೆಗೆ, ಮುಂದಿನ ವಾರ ಐದೂವರೆಗೆ, ಹೀಗೆ ವಾರಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ತಂದು ನಾಲ್ಕು ಗಂಟೆಗೆ ನಿಲ್ಲಿಸಿ. ಪ್ಲಗ್ಗಿಗೆ ಹಾಕುವ ಟೈಮರ್ ಇದ್ದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಒಮ್ಮೆ ಶುರು ಮಾಡಿದ ಮೇಲೆ ಮಧ್ಯೆ ನಿಲ್ಲಿಸಬಾರದು. ಹಗಲು ಬೆಳೆದಂತೆ ಮಾರ್ಚ್ ಏಪ್ರಿಲಿನಲ್ಲಿ ನಿಧಾನವಾಗಿ ಕಡಿಮೆ ಮಾಡಿ. ದಿಢೀರ್ ನಿಂತರೆ ಅದೇ ಕಾರಣಕ್ಕೆ ಪುಕ್ಕ ಉದುರುತ್ತದೆ. ಹದಿನೆಂಟು ವಾರ ತುಂಬದ ಹರೆಯದ ಹೇಟೆಗಳು ಅದೇ ಗೂಡಿನಲ್ಲಿದ್ದರೆ ಈ ಬೆಳಕು ಬೇಡ. ಮೈ ಕಟ್ಟುವ ಮುಂಚೆ ಮೊಟ್ಟೆಗೆ ಬಂದರೆ ಹಿಂಭಾಗ ಹೊರಬಿದ್ದು ಸಾಯುವುದೂ ಉಂಟು. ಅಪ್ಪಟ ನಾಟಿ ಹೇಟೆಗಳಿಗೂ ಇದರ ಪ್ರಯೋಜನ ಅಷ್ಟಕ್ಕಷ್ಟೆ. ಅವು ಹನ್ನೆರಡು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುವ ಜಾತಿ.

ಮೇವು ಅದೇ ಎಂದು ಬರೆದಿದ್ದೀರಿ. ಅದೂ ಒಂದು ಕೊರತೆಯೇ, ಏಕೆಂದರೆ ಚಳಿಗೆ ಮೈಬಿಸಿ ಕಾಯಲು ಕೋಳಿಗೆ ಶೇಕಡಾ ಹತ್ತು ಹದಿನೈದು ಹೆಚ್ಚು ಮೇವು ಬೇಕು. ಹಿತ್ತಲಲ್ಲಿ ಹುಳು, ಹಸಿರೂ ಈಗ ಕಡಿಮೆ. ಮನೆಯಲ್ಲೇ ಕಲಸುವುದಾದರೆ 10 ಕೆಜಿಗೆ ಈ ಲೆಕ್ಕ ಹಿಡಿಯಿರಿ: ಮುಸುಕಿನ ಜೋಳದ ನುಚ್ಚು 5 ಕೆಜಿ, ಅಕ್ಕಿ ತೌಡು ಒಂದೂವರೆ ಕೆಜಿ, ಸೋಯಾ ಹಿಂಡಿ 2 ಕೆಜಿ, ಉಪ್ಪು ಹಾಕದೆ ಒಣಗಿಸಿದ ಮೀನಿನ ಪುಡಿ ಅರ್ಧ ಕೆಜಿ, ಸುಣ್ಣಕಲ್ಲಿನ ತರಿ ಅಥವಾ ಚಿಪ್ಪಿನ ಪುಡಿ 800 ಗ್ರಾಂ, ಖನಿಜ ಮಿಶ್ರಣ 150 ಗ್ರಾಂ, ಉಪ್ಪು 50 ಗ್ರಾಂ. ಇದರಲ್ಲಿ ಪ್ರೋಟೀನು ಶೇಕಡಾ 17ರ ಹತ್ತಿರ ಬರುತ್ತದೆ. ಉಪ್ಪುಮೀನು ಬಳಸಬೇಡಿ, ಕೋಳಿಗೆ ಉಪ್ಪು ಹೆಚ್ಚಾದರೆ ವಿಷ. ಪೂರ್ತಿ ಗೂಡಿನಲ್ಲೇ ಇರುವ ಹೇಟೆಗೆ ದಿನಕ್ಕೆ 120 ಗ್ರಾಂ, ಹೊರಗೆ ಮೇಯುವುದಕ್ಕೆ 60ರಿಂದ 80 ಗ್ರಾಂ. ಸಂಜೆ ಕೋಲು ಹತ್ತುವ ಮುಂಚೆ ತಲೆಗೊಂದು ಸಣ್ಣ ಹಿಡಿಯಷ್ಟು ಜೋಳದ ಕಾಳು ಹಾಕಿದರೆ ರಾತ್ರಿಯಿಡೀ ಅರಗುತ್ತಾ ಮೈ ಬೆಚ್ಚಗಿಡುತ್ತದೆ.

ಜೋಳ, ಹಿಂಡಿಯ ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ. ಇಬ್ಬನಿಯ ತೇವಕ್ಕೆ ಬೂಷ್ಟು ಹಿಡಿದ ಮೇವು ಬಿಸಿಲಿಗೆ ಹಾಕಿದರೂ ಸರಿಹೋಗುವುದಿಲ್ಲ. ಬೂಷ್ಟು ಸತ್ತರೂ ಅದು ಬಿಟ್ಟ ವಿಷ ಉಳಿಯುತ್ತದೆ. ಶೇಂಗಾ ಹಿಂಡಿಯಲ್ಲಂತೂ ಈ ಅಪಾಯ ಹೆಚ್ಚು.

ಪ್ರಶ್ನೆ: ಡಿಸೆಂಬರಿನಲ್ಲಿ ಐವತ್ತು ಗಿರಿರಾಜ ಮರಿ ತಂದಿದ್ದೆವು. ಬಲ್ಬ್ ಹಾಕಿದ್ದರೂ ಮೊದಲ ವಾರದಲ್ಲೇ ಹದಿನೆಂಟು ಸತ್ತವು. ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಎಲ್ಲಿ ತಪ್ಪಾಯಿತು? (ಮಂಡ್ಯ)

ಮೂಲೆ ಇತ್ತು ಎಂಬುದೇ ಮೊದಲ ತಪ್ಪು. ಎರಡನೆಯದು, ಬಲ್ಬ್ ಯಾವುದು ಎಂದು ನೀವು ಬರೆದಿಲ್ಲ. ಎಲ್‌ಇಡಿ ಆಗಿದ್ದರೆ ಅದರಿಂದ ಬೆಳಕು ಬರುತ್ತದೆ, ಮರಿಗೆ ಬೇಕಾದ ಶಾಖ ಬರುವುದಿಲ್ಲ. ಹಳೆಯ ಕಾಲದ ತಂತಿಯ ಬಲ್ಬ್ ಅಥವಾ ಕೋಳಿಮರಿಗೆಂದೇ ಸಿಗುವ ಇನ್‌ಫ್ರಾರೆಡ್ ಬಲ್ಬ್ ಬೇಕು.

ಒಂದು ದಿನದ ಮರಿಗೆ ಮೈಮೇಲೆ ನವಿರು ಮಾತ್ರ, ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಚಳಿಯಾದರೆ ಒಂದರೊಳಗೊಂದು ನುಗ್ಗುತ್ತವೆ, ಅಡಿಯಲ್ಲಿ ಸಿಕ್ಕಿದ್ದು ಉಸಿರುಕಟ್ಟಿ ಸಾಯುತ್ತದೆ. ನುಗ್ಗದೆ ಉಳಿದದ್ದೂ ನಡುಗುತ್ತಾ ಮೇವು ಮುಟ್ಟುವುದಿಲ್ಲ, ಹೊಟ್ಟೆಯೊಳಗೆ ಉಳಿದಿರುವ ಮೊಟ್ಟೆಯ ಹಳದಿ ಕರಗುವುದಿಲ್ಲ, ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡು ನಾಲ್ಕೈದನೇ ದಿನ ಬೀಳುತ್ತದೆ.

ಮುಂದಿನ ಸಲ ಹೀಗೆ ಮಾಡಿ. ತಗಡು ಅಥವಾ ದಪ್ಪ ರಟ್ಟನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಐದಡಿ ವ್ಯಾಸದ ದುಂಡನೆಯ ಬೇಲಿ ನಿಲ್ಲಿಸಿ. ನೆಲದ ಮೇಲೆ ಮೂರು ನಾಲ್ಕು ಅಂಗುಲ ಒಣ ಭತ್ತದ ಹೊಟ್ಟು, ಅದರ ಮೇಲೆ ಮೊದಲ ಮೂರು ದಿನ ಒರಟು ಕಾಗದ ಹಾಸಿ. ನುಣುಪು ಕಾಗದದಲ್ಲಿ ಮರಿಗಳ ಕಾಲು ಜಾರಿ ಅಗಲವಾಗುತ್ತದೆ. ಬೂಷ್ಟು ವಾಸನೆಯ ಹೊಟ್ಟು ತರಬೇಡಿ, ಆ ಬೂಷ್ಟು ಮರಿಯ ಶ್ವಾಸಕೋಶದಲ್ಲೇ ಬೆಳೆಯುತ್ತದೆ.

ಚಳಿಗಾಲಕ್ಕೆ ಮರಿಯೊಂದಕ್ಕೆ ಎರಡು ವ್ಯಾಟ್ ಲೆಕ್ಕ. ಐವತ್ತು ಮರಿಗೆ 100 ವ್ಯಾಟಿನ ಒಂದೇ ಬಲ್ಬಿನ ಬದಲು 60 ವ್ಯಾಟಿನ ಎರಡು ಹಾಕಿ. ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಮರಿಗಳನ್ನು ಉಳಿಸುತ್ತದೆ. ಮೇಲೆ ತಗಡಿನ ಬುಟ್ಟಿ ಕವುಚಿದಂತೆ ಮುಚ್ಚಳ ಇದ್ದರೆ ಶಾಖ ಕೆಳಗೇ ನಿಲ್ಲುತ್ತದೆ. ಬಲ್ಬನ್ನು ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿ ಸರಪಳಿಯಿಂದ ನೇತುಹಾಕಿ, ಜೊತೆಗೆ ತಂತಿಯ ಎರಡನೇ ಕಟ್ಟೂ ಇರಲಿ. ವೈರಿನಿಂದಲೇ ನೇತುಹಾಕಿದ ಬಲ್ಬ್ ಹೊಟ್ಟಿನ ಮೇಲೆ ಬಿದ್ದರೆ ಗೂಡೇ ಉರಿಯುತ್ತದೆ.

ಮರಿ ಬರುವ ಹಿಂದಿನ ದಿನವೇ ಬಲ್ಬ್ ಹಚ್ಚಿ ಹೊಟ್ಟು, ನೆಲ ಬಿಸಿಯಾಗಿರಬೇಕು. ಮರಿಯ ಬೆನ್ನಿನ ಮಟ್ಟದಲ್ಲಿ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನಡಿ ಗುಡ್ಡೆಬಿದ್ದು ಜೋರಾಗಿ ಚಿಂವ್‌ಗುಟ್ಟಿದರೆ ಚಳಿ. ಬೇಲಿಯ ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಸಮನಾಗಿ ಹರಡಿ ಮೆಲುದನಿಯಲ್ಲಿದ್ದರೆ ಹದ ಸರಿ. ಇದನ್ನು ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ ಎದ್ದು ನೋಡಬೇಕು, ಮರಿ ಸಾಯುವುದು ಆ ಹೊತ್ತಿನಲ್ಲೇ.

ಮೊದಲು ಉಗುರುಬೆಚ್ಚಗಿನ ನೀರು, ಲೀಟರಿಗೆ 50 ಗ್ರಾಂ ಬೆಲ್ಲ ಕರಗಿಸಿ. ಒಂದೊಂದು ಮರಿಯ ಕೊಕ್ಕನ್ನೂ ಒಮ್ಮೆ ಅದ್ದಿ ಬಿಡಿ. ಎರಡು ಗಂಟೆಯ ನಂತರ ಕಾಗದದ ಮೇಲೆ ಜೋಳದ ಸಣ್ಣ ನುಚ್ಚು ಹರಡಿ. ಸಂಜೆ ಕೆಲವು ಮರಿಗಳ ಕತ್ತಿನ ಬುಡದ ಚೀಲ ಮುಟ್ಟಿ ನೋಡಿ, ಮೆತ್ತಗೆ ತುಂಬಿರಬೇಕು. ಖಾಲಿ ಇದ್ದರೆ ಆ ಮರಿಗೆ ಇನ್ನೂ ಬಿಸಿ ಸಾಲದು.

ಕರೆಂಟು ಹೋದರೆ ಇದ್ದಿಲಿನ ಕೆಂಡವನ್ನು ಮಣ್ಣಿನ ಮಡಕೆಯಲ್ಲಿ ತುಂಬಿ, ತೂತು ಕೊರೆದ ಮುಚ್ಚಳ ಮುಚ್ಚಿ, ಮರಿ ತಾಗದಂತೆ ಸುತ್ತ ಇಟ್ಟಿಗೆ ಜೋಡಿಸಿ ಇಡಬಹುದು. ಆದರೆ ಮೇಲಿನ ಕಿಟಕಿ ತೆರೆದೇ ಇರಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಮರಿಗಳನ್ನಷ್ಟೇ ಅಲ್ಲ, ಅಲ್ಲೇ ಕಾವಲು ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಪ್ರಶ್ನೆ: ತಗಡಿನ ಮಾಡಿನಿಂದ ಬೆಳಗಿನ ಜಾವ ನೀರು ತೊಟ್ಟಿಕ್ಕುತ್ತದೆ. ಹೊಟ್ಟು ಯಾವಾಗಲೂ ಒದ್ದೆ. ಸುಣ್ಣ ಹಾಕಬಹುದೇ? (ಸೋಮವಾರಪೇಟೆ)

ತೊಟ್ಟಿಕ್ಕುವುದು ಕೋಳಿಗಳ ಉಸಿರಿನ ತೇವ. ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ತಗಡಿನ ಮೇಲೆ ಅರ್ಧ ಅಡಿ ಭತ್ತದ ಹುಲ್ಲು ಅಥವಾ ತೆಂಗಿನ ಗರಿ ಹೊದಿಸಿದರೆ ತಗಡು ಅಷ್ಟು ತಣ್ಣಗಾಗುವುದಿಲ್ಲ. ಬೀದರಿನವರಿಗೆ ಹೇಳಿದ ಮೇಲಿನ ಸಂದಿ ನಿಮಗೂ ಬೇಕು.

ಹೊಟ್ಟಿನ ದಪ್ಪ ಬೇಸಿಗೆಯಲ್ಲಿ ಎರಡು ಮೂರು ಅಂಗುಲ ಸಾಕಾದರೆ ಈಗ ಐದಾರು ಅಂಗುಲ ಇರಲಿ. ದಿನ ಬಿಟ್ಟು ದಿನ ಕೆದಕಿ ಮಗುಚಿ. ಒಂದು ಮುಷ್ಟಿ ಹಿಡಿದು ಅಮುಕಿ ಕೈ ಬಿಡಿಸಿದಾಗ ಉಂಡೆಯಾಗಿಯೇ ಉಳಿದರೆ ಒದ್ದೆ ಹೆಚ್ಚು. ಸ್ವಲ್ಪ ಅಂಟಿ ಉದುರಿದರೆ ಸರಿ. ಗಟ್ಟಿ ಹೆಕ್ಕಳೆ ಕಟ್ಟಿದ ಕಡೆ, ನೀರಿನ ಪಾತ್ರೆಯ ಸುತ್ತ, ಒದ್ದೆಯನ್ನು ಬಾಚಿ ಗೊಬ್ಬರದ ಗುಂಡಿಗೆ ಹಾಕಿ ಹೊಸ ಹೊಟ್ಟು ತುಂಬಿ. ನೀರಿನ ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಮೇಲೆ ಇಟ್ಟರೆ ಅರ್ಧ ಒದ್ದೆ ಅಲ್ಲೇ ನಿಲ್ಲುತ್ತದೆ.

ಸುಣ್ಣದ ಪುಡಿ ನೂರು ಚದರಡಿಗೆ ಒಂದು ಕೆಜಿ ಹಾಕಬಹುದು, ಹೊಟ್ಟು ಒಣಗುತ್ತದೆ. ಆದರೆ ಸುಣ್ಣ ಬಿದ್ದ ಕೂಡಲೇ ಒಳಗಿದ್ದ ಅಮೋನಿಯಾ ಒಮ್ಮೆಗೇ ಮೇಲೇಳುತ್ತದೆ. ಕೋಳಿಗಳನ್ನು ಹೊರಗೆ ಬಿಟ್ಟ ಬೆಳಿಗ್ಗೆಯೇ ಹಾಕಿ, ಮಗುಚಿ, ಸಂಜೆಯವರೆಗೆ ಪರದೆ ಇಳಿಸಿಡಿ. ರಾತ್ರಿ ಹಾಕಲೇಬಾರದು.

ಪ್ರಶ್ನೆ: ಬೆಳ್ಳುಳ್ಳಿ, ಮೆಣಸು, ಅರಿಶಿನ ಕೊಟ್ಟರೆ ಚಳಿ ತಡೆಯುತ್ತವೆಯೇ? (ಹಾವೇರಿ)

ಸ್ವಲ್ಪ ಕೊಟ್ಟರೆ ಕೆಡುಕಿಲ್ಲ, ಆದರೆ ಚಿಕಿತ್ಸೆಯೆಂದು ನಂಬಿ ಕೂರಬೇಡಿ. ಒಣಮೆಣಸಿನಕಾಯಿಯ ಖಾರ ಕೋಳಿಗೆ ತಿಳಿಯುವುದೇ ಇಲ್ಲ. ಅದಕ್ಕಿಂತ ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಕೊಡಿ. ರಾತ್ರಿಯ ತಣ್ಣೀರನ್ನು ಕೋಳಿ ಕಡಿಮೆ ಕುಡಿಯುತ್ತದೆ, ನೀರು ಕಡಿಮೆಯಾದರೆ ಮೇವೂ ಕಡಿಮೆ, ಮೊಟ್ಟೆಯೂ ಕಡಿಮೆ.

ಪ್ರಶ್ನೆ: ನೆಗಡಿ ಯಾವುದು, ಕೊಕ್ಕರೆ ರೋಗ ಯಾವುದು ಎಂದು ಗುರುತಿಸುವುದು ಹೇಗೆ? ಚಳಿಗಾಲದಲ್ಲಿ ಲಸಿಕೆ ಹಾಕಿಸಬಹುದೇ? (ಶಿರಸಿ)

ಮುಖ ಊದಿ, ಮೂಗಿನಿಂದ ನಾರುವ ಸಿಂಬಳ ಬಂದರೆ ಕೋಳಿ ನೆಗಡಿ. ಮುಖ ಅಷ್ಟಾಗಿ ಊದದೆ ರಾತ್ರಿ ಗೊರಗೊರ ಸದ್ದು ವಾರಗಟ್ಟಲೆ ಇದ್ದರೆ ಗೊರಕೆ ರೋಗ. ಉಸಿರಿಗೆ ಕಷ್ಟದ ಜೊತೆ ಹಸಿರು ನೀರುಭೇದಿ, ಕತ್ತು ತಿರುಚುವುದು, ರೆಕ್ಕೆ ಜೋಲುವುದು, ಎರಡು ಮೂರು ದಿನದಲ್ಲಿ ಸಾಲಾಗಿ ಸಾವು ಕಂಡರೆ ರಾಣಿಖೇತ್, ಅಂದರೆ ಕೊಕ್ಕರೆ ರೋಗ. ಬಂದ ಮೇಲೆ ಅದಕ್ಕೆ ಔಷಧಿ ಇಲ್ಲ. ಜುಟ್ಟು ನೀಲಿಗಟ್ಟಿ ಒಂದೇ ದಿನ ಹಲವು ಸತ್ತರೆ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಮಾರದೆ ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರವೂ ಹೀಗೆಯೇ ಕಾಣಿಸುತ್ತದೆ.

ಲಸಿಕೆಗೆ ಚಳಿ ಅಡ್ಡಿಯಲ್ಲ, ಕೋಳಿ ಆರೋಗ್ಯವಾಗಿದ್ದರೆ ಸಾಕು. ರಾಣಿಖೇತ್‌ಗೆ ಐದರಿಂದ ಏಳನೇ ದಿನ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ರೆಕ್ಕೆಯ ಚರ್ಮದಡಿ ಆರ್‌2ಬಿ ಎಂಬ ಲಸಿಕೆ ಅರ್ಧ ಮಿಲಿ. ಹವೆ ತಣ್ಣಗಿದೆಯೆಂದು ಲಸಿಕೆಯನ್ನು ಜೇಬಿನಲ್ಲಿಟ್ಟು ತರಬೇಡಿ. 2ರಿಂದ 8 ಡಿಗ್ರಿಯಲ್ಲಿರಬೇಕಾದ್ದು ಅದು, ಥರ್ಮಾಸಿನಲ್ಲಿ ಮಂಜುಗಡ್ಡೆಯ ಜೊತೆ ತನ್ನಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಮನೆ ಹಿಂದೆ ಆರು ಕೋಳಿ ಸಾಕಿದ್ದೇವೆ. ಜನವರಿಯಲ್ಲಿ ಜುಟ್ಟಿನ ತುದಿ ಬೆಳ್ಳಗಾಗಿ ಆಮೇಲೆ ಕಪ್ಪಾಯಿತು. ಹೀಟರ್ ಹಾಕಬೇಕೇ?

ಅದು ಹಿಮಗಡಿತ. ಅಲ್ಲಿಯೂ ಮೊದಲು ನೋಡಬೇಕಾದ್ದು ಗೂಡಿನ ತೇವ. ಕಿಟಕಿ ಗಾಜಿನ ಒಳಬದಿ ಬೆಳಿಗ್ಗೆ ಹನಿಗಟ್ಟಿದ್ದರೆ ಗಾಳಿಕಂಡಿ ಸಾಲದು. ಒಣ ಗೂಡಿನಲ್ಲಿ ಅದೇ ಚಳಿಯನ್ನು ಅದೇ ಕೋಳಿ ಎಷ್ಟೋ ಚೆನ್ನಾಗಿ ತಾಳುತ್ತದೆ. ಕಪ್ಪಾದ ತುದಿಯನ್ನು ಉಜ್ಜಬೇಡಿ, ಕತ್ತರಿಸಬೇಡಿ, ಅದು ಕೆಳಗಿನ ಭಾಗಕ್ಕೆ ಹೊದಿಕೆಯಾಗಿದ್ದು ತಾನೇ ಉದುರುತ್ತದೆ. ಎತ್ತರದ ಒಂಟಿ ಜುಟ್ಟಿನ ಲೆಗ್‌ಹಾರ್ನ್, ಹುಂಜಗಳಿಗೆ ಇದು ಹೆಚ್ಚು. ವೈಯಾಂಡಾಟ್‌ನಂಥ ಗಿಡ್ಡ ಜುಟ್ಟಿನ ತಳಿಗಳಿಗೆ ಕಡಿಮೆ. ಶಾಖದ ಬಲ್ಬಿನಿಂದ ಮರದ ಗೂಡಿಗೆ ಬೆಂಕಿ ಹೊತ್ತುವ ಅಪಾಯವಿದೆ, ಬೇಡ. ಆ ಖರ್ಚನ್ನು ನೀರು ಗಟ್ಟಿಯಾಗದಂತೆ ಪಾತ್ರೆಯಡಿ ಇಡುವ ಬಿಸಿ ತಟ್ಟೆಗೆ ಮಾಡಿ. ಕೂರುವ ಕೋಲಿಗೆ ಅಲ್ಲಿ ಎರಡು-ನಾಲ್ಕು ಎಂದು ಸಿಗುವ, ಸುಮಾರು ಎರಡು ಅಂಗುಲ ದಪ್ಪ ನಾಲ್ಕು ಅಂಗುಲ ಅಗಲದ ಮರವನ್ನು ಅಗಲದ ಬದಿ ಮೇಲಾಗಿ ಹಾಕಿ. ಮೊಟ್ಟೆಯನ್ನು ದಿನಕ್ಕೆ ಮೂರು ಸಲ ತೆಗೆಯದಿದ್ದರೆ ಒಳಗೆ ಗಟ್ಟಿಯಾಗಿ ಒಡೆಯುತ್ತದೆ.

ಪ್ರಶ್ನೆ: ನಾಟಿ ಹೇಟೆ ಈಗ ಕಾವಿಗೆ ಕೂತಿದೆ. ಮೊಟ್ಟೆ ಇಡಬಹುದೇ? (ಅರಸೀಕೆರೆ)

ಇಡಬಹುದು. ಬೇಸಿಗೆಯಲ್ಲಿ ಹನ್ನೆರಡು ಇಡುವ ಕಡೆ ಈಗ ಎಂಟೊಂಬತ್ತು ಸಾಕು, ಅಂಚಿನ ಮೊಟ್ಟೆಗಳೂ ಹೇಟೆಯ ಎದೆಯಡಿ ಸೇರಬೇಕು. ಮಂಕರಿಯಲ್ಲಿ ಬರೀ ಮರಳಿದ್ದರೆ ತಳ ತಣ್ಣಗಾಗುತ್ತದೆ, ಮೇಲೆ ಮೂರು ಅಂಗುಲ ಒಣ ಹುಲ್ಲು ಹಾಕಿ. ಏಳು ದಿನಕ್ಕಿಂತ ಹಳೆಯ ಮೊಟ್ಟೆ ಬೇಡ. ಮೇವಿಗೆ ಏಳುವ ಹೊತ್ತನ್ನು ಬೆಳಗಿನ ಚಳಿಗೆ ಬಿಡದೆ ಮಧ್ಯಾಹ್ನಕ್ಕೆ ಬದಲಿಸಿ, ಇಪ್ಪತ್ತು ನಿಮಿಷದೊಳಗೆ ವಾಪಸು ಕೂರಿಸಿ. ಇಪ್ಪತ್ತೊಂದನೇ ದಿನ ಮರಿ ಒಡೆದ ಮೇಲೆ ತಾಯಿ ಮರಿ ಎರಡನ್ನೂ ಮೊದಲ ವಾರ ಒಳಗೇ ಇಟ್ಟು, ಇಬ್ಬನಿ ಆರಿದ ಹತ್ತು ಗಂಟೆಯ ನಂತರ ಮಾತ್ರ ಅಂಗಳಕ್ಕೆ ಬಿಡಿ.